ಹದಿಮೂರು ಉಂಡೆ ಉಣ್ಣೆ

ಅಕ್ಕ ತೂಕದ ಯಂತ್ರದ ಮೇಲೆ ನಿಂತಿದ್ದಳು. ಅವನು ಬಚ್ಚಲುಮನೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಅಂಕಿಗಳು ನಿಲ್ಲುವುದನ್ನು ಕಾಯುತ್ತಿದ್ದ. ಅವಳು ಎರಡು ಬೆರಳನ್ನು ಮಾತ್ರ ಅವನ ಹೆಗಲಿಗೆ ಸೋಕಿಸಿದ್ದಳು. ಒರಗಬೇಡ, ಒರಗಿದರೆ ತೂಕ ಸುಳ್ಳಾಗುತ್ತೆ ಎಂದು ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ದಿನವೇ ಅವನು ಹೇಳಿಕೊಟ್ಟಿದ್ದ. ಹೇಳಿಕೊಟ್ಟದ್ದನ್ನು ಅವಳು ಹತ್ತೊಂಬತ್ತು ದಿನದಿಂದಲೂ ತಪ್ಪದೆ ಪಾಲಿಸಿದ್ದಳು. ಅಂಕಿಗಳು ಐವತ್ತನಾಲ್ಕು ಪಾಯಿಂಟ್ ಒಂದಕ್ಕೆ ಬಂದು ನಿಂತವು. ಅವನು ಮನಸ್ಸಿನಲ್ಲೇ ಒಂದೂವರೆ ಕಿಲೋ ಕಳೆದು, ದಿನದ ತೂಕ ಬರೆದಿಡುವ ಪುಸ್ತಕದಲ್ಲಿ ಐವತ್ತೆರಡು ಪಾಯಿಂಟ್ ಆರು ಎಂದು ಬರೆದ. ಬರೆಯುವ ಮುಂಚೆ ಪೆನ್ನು ಕಾಗದದ ಮೇಲೆ ಒಂದು ಗಳಿಗೆ ತಡೆಯಿತು. ಆ ಜಾಗದಲ್ಲಿ ಮಸಿಯ ಚುಕ್ಕೆಯೊಂದು ಬಿತ್ತು. ನಿನ್ನೆಯ ಅಂಕಿಯ ಮುಂದೆಯೂ ಅಂಥದೇ ಚುಕ್ಕೆ ಇತ್ತು, ಮೊನ್ನೆಯದರ ಮುಂದೆಯೂ.

"ಎಷ್ಟು?" ಅಂದಳು ಅಕ್ಕ.

"ಐವತ್ತೆರಡು ಆರುನೂರು."

"ಪರವಾಗಿಲ್ವಾ?"

"ಪರವಾಗಿಲ್ಲ."

ಅವಳು ಇಳಿದು ಸ್ಟೂಲಿನ ಮೇಲೆ ಕೂತು, ಮೈಮೇಲಿನ ಸ್ವೆಟರನ್ನು ಎಳೆದುಕೊಂಡು ಶಾಲನ್ನು ಇನ್ನೊಂದು ಸುತ್ತು ಬಿಗಿ ಮಾಡಿಕೊಂಡಳು. ಅಷ್ಟಕ್ಕೇ ಅವಳ ಉಸಿರು ಹತ್ತು ಮೆಟ್ಟಿಲು ಹತ್ತಿದವರ ಉಸಿರಿನಂತಾಯಿತು. ಅವನು ಎಣಿಸಬಾರದು ಅಂದುಕೊಂಡರೂ ಎಣಿಸಿದ. ಇವತ್ತು ಆಸ್ಪತ್ರೆಗೆ ಹೋಗುವ ದಿನ. ಸಿಸ್ಟರ್ ಈ ಪುಸ್ತಕವನ್ನು ತೆರೆದು, ಬೆರಳನ್ನು ಮೇಲಿಂದ ಕೆಳಗೆ ಎಳೆಯುತ್ತಾಳೆ. ಬೆರಳು ಕೊನೆಯ ಸಾಲಿಗೆ ಬರುವುದರೊಳಗೆ ಅವನು ಹೇಳಬೇಕು, ಇಲ್ಲವೇ ಹೇಳದೆ ಉಳಿಯಬೇಕು. ಸೋಮವಾರದಿಂದ ಅವನ ತಲೆಯಲ್ಲಿ ಇದ್ದದ್ದು ಇದೊಂದೇ.

ತಪ್ಪು ಶುರುವಾದದ್ದು ಹತ್ತು ದಿನದ ಹಿಂದೆ, ಅದೂ ಮರ್ಯಾದಸ್ಥ ತಪ್ಪಾಗಿ. ಅದಕ್ಕೂ ಮುಂಚೆ ಅಕ್ಕ ತೆಳು ಅಂಗಿಯಲ್ಲೇ ಯಂತ್ರದ ಮೇಲೆ ನಿಲ್ಲುತ್ತಿದ್ದಳು. ಚಳಿ ಏರಿತು, ಅಥವಾ ಅವಳಿಗೆ ಮಾತ್ರ ಏರಿತು; ಮನೆಯಲ್ಲಿ ಬೇರೆ ಯಾರಿಗೂ ಅಷ್ಟು ಚಳಿ ಅನ್ನಿಸಿರಲಿಲ್ಲ. ಪೆಟ್ಟಿಗೆಯ ತಳದಲ್ಲಿದ್ದ ಸ್ವೆಟರು, ಶಾಲು ಎರಡನ್ನೂ ಒಗೆಸಿ ಹಾಕಿಸಿಕೊಂಡಳು. ಎರಡೂ ಅವಳೇ ಹೆಣೆದವು, ಕಾರ್ಖಾನೆಯ ಕೆಲಸ ಬಿಟ್ಟ ವರ್ಷ. ಒಗೆದ ಮಾರನೆಯ ಸಂಜೆ ಅವನೇ ಹಗ್ಗದಿಂದ ಎರಡನ್ನೂ ಎತ್ತಿಕೊಂಡು ಬಂದ. ಮುಟ್ಟಿದರೆ ಒಣಗಿದಂತೆಯೇ ಇತ್ತು. ಬೆಳಿಗ್ಗೆ ತೂಕಕ್ಕೆ ನಿಲ್ಲುವಾಗ ಸ್ವೆಟರು ಬಿಚ್ಚಲು ತೋಳೆತ್ತಿದ ಅಕ್ಕ ಅರ್ಧದಲ್ಲೇ ನಿಂತುಬಿಟ್ಟಳು. ಮುಖ ಉಣ್ಣೆಯೊಳಗೆ ಸಿಕ್ಕಿಕೊಂಡಿತ್ತು. "ಸ್ವಲ್ಪ ತಡಿಯೋ" ಎಂದು ಒಳಗಿಂದಲೇ ಹೇಳಿದ ಆ ದನಿಯನ್ನು ಅವನಿಂದ ತಡೆಯಲಾಗಲಿಲ್ಲ. "ಬಿಡಕ್ಕ, ಹಾಗೇ ನಿಂತ್ಕೊ, ಆಮೇಲೆ ಕಳೆದ್ರಾಯ್ತು" ಅಂದ. ಡಬ್ಬಿಯ ತೂಕವನ್ನು ಕಳೆದು ಸರಕಿನ ತೂಕ ಹೇಳುವುದು ಅವನು ಇಪ್ಪತ್ತಾರು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಅಂಗಡಿಗಳ, ಗೋದಾಮುಗಳ, ಅಂಚೆ ಪಾರ್ಸೆಲ್ ಕಟ್ಟೆಗಳ ತೂಕದ ಯಂತ್ರಗಳು ಅವನಿದ್ದ ವರ್ಕ್‌ಶಾಪಿಗೆ ಬಂದು, ಸರಿಯಾಗಿ, ಮೊಹರು ಹಾಕಿಸಿಕೊಂಡು ಹೋಗುತ್ತಿದ್ದವು. ಅಲ್ಲಿ ಅವನಿಗೆ ಕೈತಕ್ಕಡಿ ಎಂದೇ ಹೆಸರು. ಏನನ್ನೇ ಕೊಟ್ಟರೂ ಅಂಗೈಯಲ್ಲಿ ಒಮ್ಮೆ ಮೇಲೆ ಕೆಳಗೆ ಆಡಿಸಿ ತೂಕ ಹೇಳುತ್ತಿದ್ದ. ಮಧ್ಯಾಹ್ನದ ಬಿಡುವಿನಲ್ಲಿ ಜೊತೆಯವರು ಬೀಗದ ಕೈ, ಶೂ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು ಕೂಡ ಕೊಟ್ಟು ಪರೀಕ್ಷೆ ಮಾಡಿದ್ದರು. ಹಿರಿಯ ಮೇಸ್ತ್ರಿ ಒಬ್ಬರೇ ನಗುತ್ತಿರಲಿಲ್ಲ. "ಕೈನ ನಂಬಬೇಡ ಕಣಯ್ಯಾ. ಅದು ನಿನ್ನ ಮೈಗೆ ಅಂಟ್ಕೊಂಡಿರೋದು. ನಿಂಗೇನು ಬೇಕೋ ಅದನ್ನೇ ಹೇಳುತ್ತೆ" ಅನ್ನುತ್ತಿದ್ದರು. ಹಗ್ಗದಿಂದ ಎತ್ತಿಕೊಂಡು ಬಂದ ಸ್ವೆಟರು, ಶಾಲುಗಳ ಭಾರ ಅವನ ಅಂಗೈಯಲ್ಲಿ ಇನ್ನೂ ಇತ್ತು. ಒಂದು ಕಿಲೋ ಎಂಟುನೂರು ಗ್ರಾಂ, ಅಂದಿತು ಕೈ. ಅವನು ಕಳೆದ.

ಐವತ್ತೆರಡರ ಹತ್ತಿರ ಇದ್ದ ಅಕ್ಕ ಆ ದಿನ ಪುಸ್ತಕದಲ್ಲಿ ಐವತ್ತು ಪಾಯಿಂಟ್ ಎಂಟಕ್ಕೆ ಇಳಿದಳು. ಮೈಯಲ್ಲಿ ತುಂಬಿಕೊಂಡಿದ್ದ ನೀರು ಒಂದು ಕಿಲೋಗಿಂತ ಜಾಸ್ತಿ ಒಂದೇ ರಾತ್ರಿಯಲ್ಲಿ ಹೋಯಿತು ಅಂದುಕೊಂಡು ಅವನಿಗೆ ಎಂಥ ಖುಷಿಯಾಯಿತು! ಮೊದಲ ವಾರವಿಡೀ ಅಂಕಿ ಇಳಿಯದೆ ಅವನು ಪಟ್ಟ ಪಾಡು ಅವನಿಗೇ ಗೊತ್ತು. ಖುಷಿ ಕೊಟ್ಟ ಅಂಕಿಯನ್ನು ಯಾರೂ ಎರಡನೇ ಸಲ ತೂಗಿ ನೋಡುವುದಿಲ್ಲ. ಅವನು ಆಸ್ಪತ್ರೆಗೆ ಫೋನ್ ಮಾಡಿದ. ಸಿಸ್ಟರ್ ಕೂಡ ಸಂತೋಷಪಟ್ಟಳು, ಡಾಕ್ಟರನ್ನು ಕೇಳಿ ಮಧ್ಯಾಹ್ನ ಫೋನ್ ಮಾಡಿ, "ಮಾತ್ರೆ ಚೆನ್ನಾಗಿ ಹಿಡೀತಿದೆ. ಇನ್ನೂ ಹಾಗೇ ಕೊಟ್ರೆ ಮೈ ಒಣಗಿಬಿಡುತ್ತೆ. ನೀರಿನ ಮಾತ್ರೆ ಇವತ್ತಿಂದ ಅರ್ಧ ಸಾಕು" ಅಂದಳು. ಅರ್ಧ ಮಾಡಿದವನು ಅವನೇ. ಪ್ರತಿ ದಿನ ಬೆಳಿಗ್ಗೆ, ಬ್ಲೇಡಿನಿಂದ, ಎರಡು ತುಂಡೂ ಸಮವಾಗಿ ಬರುವ ಹಾಗೆ, ಕಣ್ಣು ಕಿರಿದು ಮಾಡಿಕೊಂಡು.

ಭಾನುವಾರ ಸಂಜೆ ಹೆಂಡತಿ ಬಟ್ಟೆ ಮಡಿಸುತ್ತ ಹೇಳಿದ್ದಳು, "ರೀ, ಅಕ್ಕನ ಕಾಲು ನೋಡಿದ್ರಾ? ಕಾಲುಚೀಲ ಬಿಚ್ಚಿದ ಮೇಲೂ ಗೆರೆ ಹಾಗೇ ಕೂತಿದೆ. ನಾನು ಬೆರಳಿಟ್ಟು ನೋಡ್ದೆ, ಗುಳಿ ಬಿತ್ತು."

"ತೂಕ ಸರಿಯಾಗಿದೆ."

"ತೂಕದ ವಿಷಯ ಕೇಳಲಿಲ್ಲ ನಾನು, ಕಾಲಿನ ವಿಷಯ ಹೇಳ್ದೆ."

"ಸರಿಯಾಗಿದೆ ಅಂದ್ನಲ್ಲ. ದಿನಾ ತೂಗೋನು ನಾನಾ, ನೀನಾ?"

ಅವಳು ಮಡಿಸಿದ ಬಟ್ಟೆಯನ್ನು ಇನ್ನೊಮ್ಮೆ ಮಡಿಸಿ, "ನೀವೇಪ್ಪ" ಎಂದು ಎದ್ದು ಹೋದಳು. ಅಂಚೆ ಕಚೇರಿಯಲ್ಲಿ ಬೆಳಗಿನ ಪಾಳಿ ಅವಳದು. ವಾದಕ್ಕೆ ಅವಳಿಗೆ ಪುರುಸೊತ್ತಿಲ್ಲ. ಅವನು ಮಾತ್ರ ಕೂತಲ್ಲೇ ಕೂತಿದ್ದ. ಮಾರನೆಯ ಬೆಳಿಗ್ಗೆ, ತೂಕ ಮುಗಿದ ಮೇಲೆ, ಸ್ವೆಟರಿನ ಮೊಣಕೈ ಹರಿದಿದೆ, ರಿಪೇರಿ ಮಾಡಿಸಿಕೊಂಡು ಬರುತ್ತೇನೆ ಎಂದು ಅಕ್ಕನಿಗೆ ಹೇಳಿ, ಶಾಲನ್ನೂ ಸೇರಿಸಿ ಚೀಲಕ್ಕೆ ಹಾಕಿಕೊಂಡು ಹೋದ. "ಶಾಲು ಯಾಕೋ?" ಎಂದು ಅಕ್ಕ ಕೇಳಿದಾಗ "ಅಂಚು ಬಿಟ್ಟಿದೆ" ಅಂದ. ಬಿಟ್ಟಿರಲಿಲ್ಲ. ಊಟದ ಹೊತ್ತಿಗೆ ವರ್ಕ್‌ಶಾಪು ಖಾಲಿಯಾದಾಗ, ಮೊಹರು ಹಾಕಿಸಿಕೊಂಡು ಹೋಗಲು ಸಿದ್ಧವಾಗಿದ್ದ ಹೊಸ ಯಂತ್ರವೊಂದರ ಮೇಲೆ ಎರಡನ್ನೂ ಇಟ್ಟ. ಆರುನೂರ ಐವತ್ತು ಗ್ರಾಂ. ತೆಗೆದು, ಸೊನ್ನೆಗೆ ತಂದು, ಮತ್ತೆ ಇಟ್ಟ. ಆರುನೂರ ಐವತ್ತು. ಅಂಗೈಯಲ್ಲಿ ಎತ್ತಿ ನೋಡಿದ. ಹೂವಿನ ಹಾಗೆ ಹಗುರ. ಆಗ ನೆನಪಾಯಿತು: ಉಣ್ಣೆ ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರನ್ನು ಬಚ್ಚಿಟ್ಟುಕೊಂಡಿರುತ್ತದೆ. ಆ ಸಂಜೆ ಅವನ ಕೈ ತೂಗಿದ್ದು ಉಣ್ಣೆಯನ್ನಲ್ಲ, ನೀರನ್ನು. ಬಟ್ಟೆಯಲ್ಲಿದ್ದ ಆ ನೀರು ಹೀಟರಿನ ಮುಂದೆ ಒಂದೇ ರಾತ್ರಿಗೆ ಆರಿಹೋಯಿತು. ಅವನು ಮಾತ್ರ ಅದನ್ನು ದಿನವೂ ಅಕ್ಕನ ಮೈಯಿಂದ ಕಳೆಯುತ್ತಲೇ ಬಂದಿದ್ದ.

ಆವಾಗಲೇ ಫೋನ್ ಮಾಡಬಹುದಿತ್ತು. ಫೋನು ಗೋಡೆಯ ಮೇಲೆಯೇ ಇತ್ತು. ಆದರೆ ಏನೆಂದು ಹೇಳುವುದು? ತೂಕದ ಯಂತ್ರ ಸರಿ ಮಾಡುವವನು ನಾನು, ತೂಗದೆ ಬರೆದೆ ಎಂದೇ? ಎಂದೋ ಸಂಜೆ ತರಗತಿಗೆ ಹೋಗುತ್ತಿದ್ದ ಕಾಲದಲ್ಲಿ, ಹಗಲೆಲ್ಲ ದುಡಿದು ಬಂದವರ ನಿದ್ದೆಗಣ್ಣಿನ ಮುಂದೆ ಮೇಷ್ಟ್ರು ಅವನ ಉತ್ತರ ಪತ್ರಿಕೆ ಎತ್ತಿ ಹಿಡಿದು, "ಉತ್ತರ ಸರಿ ಇದೆ, ಲೆಕ್ಕ ಇಲ್ಲ. ಇದನ್ನ ಕದ್ದು ಬರೆದಿದ್ದಾ, ಕನಸು ಕಂಡು ಬರೆದಿದ್ದಾ?" ಎಂದು ಕೇಳಿದ್ದರು. ಎಲ್ಲರೂ ನಕ್ಕಿದ್ದರು. ಇಪ್ಪತ್ತೆಂಟು ವರ್ಷವಾದರೂ ಆ ನಗು ಅವನ ಕಿವಿಯಿಂದ ಇಳಿದಿಲ್ಲ. ಆ ರಾತ್ರಿ ಮನೆಗೆ ಬಂದಾಗ ಅಕ್ಕ ಅವನಿಗಾಗಿ ತಟ್ಟೆ ಮುಚ್ಚಿಟ್ಟು ಕಾದಿದ್ದಳು. ಹೆಣಿಗೆ ಕಾರ್ಖಾನೆಯಿಂದ ಬಂದ ಅವಳ ರೆಪ್ಪೆಯ ಮೇಲೆ ಉಣ್ಣೆಯ ಧೂಳು ಹಾಗೇ ಇತ್ತು. ಊಟವಾದ ಮೇಲೆ "ಕೈ ಚಾಚು" ಅಂದಳು. ಅವನು ಎರಡೂ ಕೈ ಚಾಚಿ ನೂಲಿನ ಲಡಿ ಹಿಡಿದು ಕೂತ, ಅವಳು ಎದುರಿಗೆ ಕೂತು ಉಂಡೆ ಸುತ್ತಿದಳು. ಏನಾಯಿತೆಂದು ಕೇಳಲಿಲ್ಲ. ಕೈ ಸೋತರೂ ಅವನು ಇಳಿಸಲಿಲ್ಲ.

ಅವನು ಫೋನ್ ಮಾಡಲಿಲ್ಲ. ಬದಲಿಗೆ ಒಂದು ಉಪಾಯ ಹುಡುಕಿದ. ಅಂಕಿಯನ್ನು ಒಂದೇ ಏಟಿಗೆ ಸರಿಮಾಡಿದರೆ ಪುಸ್ತಕದಲ್ಲಿ ಒಂದು ಕಿಲೋಗಿಂತ ಹೆಚ್ಚಿನ ನೆಗೆತ ಕಾಣುತ್ತದೆ, ಎಲ್ಲರೂ ಕೇಳುತ್ತಾರೆ. ದಿನಕ್ಕೆ ನೂರು ಗ್ರಾಂ ಕಡಿಮೆ ಕಳೆಯುತ್ತ ಬಂದರೆ ಯಾರಿಗೂ ಗೊತ್ತಾಗದಂತೆ ಸತ್ಯಕ್ಕೆ ತಲುಪಬಹುದು. ಮಂಗಳವಾರ ಒಂದು ಕಿಲೋ ಏಳುನೂರು ಕಳೆದ, ನಿನ್ನೆ ಒಂದು ಕಿಲೋ ಆರುನೂರು, ಇವತ್ತು ಒಂದೂವರೆ. ಇನ್ನು ಎಂಟೊಂಬತ್ತು ದಿನದಲ್ಲಿ ಅವನು ಪ್ರಾಮಾಣಿಕನಾಗುತ್ತಿದ್ದ. ಈ ಲೆಕ್ಕ ಹಾಕಿದಾಗ ಅವನಿಗೆ ಸಮಾಧಾನವೇ ಆಗಿತ್ತು. ಆ ಸಮಾಧಾನವನ್ನು ನೆನೆದರೆ ಈಗ ಹೇಸಿಗೆಯಾಗುತ್ತದೆ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಅವನ ಕಾಲ ಬಳಿ ಕೆಲಸದ ಚೀಲವಿತ್ತು. ಆಸ್ಪತ್ರೆ ಮುಗಿಸಿ ಅರ್ಧ ದಿನವಾದರೂ ವರ್ಕ್‌ಶಾಪಿಗೆ ಹೋಗಬೇಕು. ಹಾದಿಯಲ್ಲಿ ರಸ್ತೆ ಅಗೆದು ಚರಂಡಿಯ ಕೊಳವೆ ಹಾಕುತ್ತಿದ್ದರು, ಬಸ್ಸು ನಿಂತು ನಿಂತು ಸಾಗುತ್ತಿತ್ತು. ಅಕ್ಕ ಗಾಜಿನ ಮೇಲೆ ಉಸಿರು ಬಿಟ್ಟು, ಮೂಡಿದ ಮಂಜನ್ನು ಬೆರಳಿನಿಂದ ಒರೆಸಿ, ಮತ್ತೆ ಉಸಿರು ಬಿಟ್ಟಳು.

"ರಾತ್ರಿ ನಿದ್ದೆ ಬಂತಾ ಅಕ್ಕ?"

"ಬಂತು. ಕೂತ್ಕೊಂಡೇ ಬಂತು. ಮೂರು ದಿಂಬು ಇಟ್ಟಿದ್ದಾಳಲ್ಲ ನಿನ್ನ ಹೆಂಡ್ತಿ, ನಾಟಕದ ಮಹಾರಾಣಿ ಹಾಗೆ ಒರಗಿದ್ದೆ."

"ಮೊದ್ಲು ಎರಡಿತ್ತು."

"ಮಹಾರಾಣಿಗೆ ಬಡ್ತಿ ಆಯ್ತು" ಎಂದು ಅಕ್ಕ ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಒಣ ಕೆಮ್ಮು, ಒಳಗೆ ಏನೂ ಇಲ್ಲದ ಹಾಗೆ. ಅವನು ಆ ಕೆಮ್ಮಿಗೆ ಕಿವಿ ಕೊಟ್ಟು, ಗೊರಗೊರ ಇಲ್ಲವಲ್ಲ, ಎದೆ ಸ್ವಚ್ಛವಿದೆಯಲ್ಲ ಎಂದುಕೊಂಡ. ಅಂದುಕೊಂಡ ಕೂಡಲೇ, ಹಾಗೆ ಅಂದುಕೊಳ್ಳುವ ಹಕ್ಕು ತನಗಿಲ್ಲ ಎಂಬುದೂ ಹೊಳೆಯಿತು. ಎಲ್ಲರಿಗೂ ಇದ್ದೀತು, ಅವನಿಗಿಲ್ಲ. ಅವನು ಪಾಠ ಕೇಳಿದವನು.

ಅಕ್ಕನನ್ನು ಮನೆಗೆ ಕಳಿಸುವ ಮುಂಚೆ ಆಸ್ಪತ್ರೆಯವರು ಮನೆಯವರಿಗಾಗಿ ಮೂರು ಸಂಜೆ ಪಾಠ ಇಟ್ಟಿದ್ದರು. ಉಳಿದವರು ಕೈಕಟ್ಟಿ ಕೂತಿದ್ದರೆ ಅವನೊಬ್ಬ ನೋಟ್ಸ್ ಬರೆದುಕೊಂಡಿದ್ದ. ಸಂಜೆಯ ಬೆಂಚು ಕಂಡರೆ ಅವನ ಕೈ ತಾನಾಗಿ ಪೆನ್ನು ಹುಡುಕುತ್ತದೆ. ಸಿಸ್ಟರ್ ಬೋರ್ಡಿನ ಮೇಲೆ ಎರಡು ಶ್ವಾಸಕೋಶ ಬರೆದು, ನಡುವೆ ಹೃದಯ ಬರೆದು ಹೇಳಿದ್ದಳು: ಹೃದಯ ಮುಂದಕ್ಕೆ ತಳ್ಳಲಾರದೆ ಹೋದರೆ ರಕ್ತ ಹಿಂದೆ ನಿಲ್ಲುತ್ತದೆ, ನಿಂತ ಕಡೆ ಒತ್ತಡ ಏರುತ್ತದೆ, ಒತ್ತಡಕ್ಕೆ ಶ್ವಾಸಕೋಶದ ಸಣ್ಣ ರಕ್ತನಾಳಗಳಿಂದ ನೀರು ಜಿನುಗುತ್ತದೆ. ಹಿಂದಿನ ಬೆಂಚಿನಿಂದ ಒಬ್ಬ ಲಾರಿ ಡ್ರೈವರ್ ಕೇಳಿದ: "ಹಂಗಾದ್ರೆ ಸಿಸ್ಟರ್, ನಮ್ಮಪ್ಪ ಮೂರು ವರ್ಷದ ಹಿಂದೇನೇ ಮುಳುಗಿ ಹೋಗ್ಬೇಕಿತ್ತಲ್ಲ?" ಎಲ್ಲರೂ ನಕ್ಕರು. ಸಿಸ್ಟರ್ ನಗಲಿಲ್ಲ. ಸೀಮೆಸುಣ್ಣದ ಬೇರೆ ತುಂಡು ತೆಗೆದುಕೊಂಡು ಶ್ವಾಸಕೋಶದ ಮೇಲೆಲ್ಲ ಕೂದಲಿನಂಥ ಗೆರೆಗಳನ್ನು ಎಳೆದಳು. ಇವು ದುಗ್ಧನಾಳಗಳು ಅಂದಳು. ಜಿನುಗಿದ ನೀರನ್ನು ಇವು ಹೀರಿಕೊಂಡು, ಹನಿ ಹನಿಯಾಗಿ ಮೇಲಕ್ಕೆ ಸಾಗಿಸಿ, ಕತ್ತಿನ ಬುಡದ ದೊಡ್ಡ ರಕ್ತನಾಳಕ್ಕೆ ಸುರಿಯುತ್ತವೆ. ಶ್ವಾಸಕೋಶದೊಳಗೆ ಉಸಿರು ತುಂಬುವ ಗಾಳಿಗೂಡುಗಳ ಗೋಡೆಯೂ ಸುಮ್ಮನೆ ಕೂರುವುದಿಲ್ಲ; ಒಳಗೆ ಬಂದ ಉಪ್ಪನ್ನು ಆಚೆ ದಬ್ಬುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಹೃದಯ ತಿಂಗಳುಗಟ್ಟಲೆ ಸೋಲುತ್ತ ಬಂದವರಲ್ಲಿ ಈ ನಾಳಗಳು ದಪ್ಪವಾಗಿ, ಮೊದಲಿಗಿಂತ ಎಷ್ಟೋ ಪಟ್ಟು ನೀರು ಸಾಗಿಸಲು ಕಲಿಯುತ್ತವೆ. "ಯಾರೂ ಇವಕ್ಕೆ ಹೇಳಿಕೊಡೋದಿಲ್ಲ. ಶಬ್ದ ಮಾಡೋದಿಲ್ಲ, ನೋವು ಕೊಡೋದಿಲ್ಲ. ಅದಕ್ಕೇ ಎದೆಗೆ ಸ್ಟೆತೊಸ್ಕೋಪ್ ಇಟ್ರೂ ಸ್ವಚ್ಛ ಅಂತಲೇ ಕೇಳುತ್ತೆ, ಎಕ್ಸ್‌ರೇ ಫೋಟೋದಲ್ಲೂ ಸ್ವಚ್ಛ ಅಂತಲೇ ಕಾಣುತ್ತೆ. ಒಳಗೆ ಅವು ಹಗಲು ರಾತ್ರಿ ನೀರು ಹೊರ್ತಿರುತ್ವೆ. ಅವುಗಳ ಕೈ ಸೋತ ದಿನ ಮಾತ್ರ ನಮಗೆ ಗೊತ್ತಾಗೋದು, ಅಷ್ಟು ಹೊತ್ತಿಗೆ ತಡ ಆಗಿರುತ್ತೆ. ಎದೆ ಸುಳ್ಳು ಹೇಳಬಹುದು, ತೂಕ ಹೇಳೋದಿಲ್ಲ. ಆದ್ದರಿಂದ ದಿನಾ ತೂಗಿ."

ಕೊನೆಯ ಮಾತಿನ ಕೆಳಗೆ ಅವನು ಎರಡು ಗೆರೆ ಎಳೆದಿದ್ದ.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಬೆಂಚುಗಳ ಹಸಿರು ಬಣ್ಣ ಕೂತವರ ಬೆನ್ನಿನ ಆಕಾರಕ್ಕೆ ಸವೆದಿತ್ತು. ಕರೆ ಬರುವವರೆಗೂ ಅಕ್ಕ ಕಣ್ಣು ಮುಚ್ಚಿ ಕೂತಳು. ಶಾಲಿನ ಮೇಲೆ ಅವಳ ಬೆರಳುಗಳು ಮಾತ್ರ ಸುಮ್ಮನಿರಲಿಲ್ಲ; ಹೆಬ್ಬೆರಳು, ತೋರುಬೆರಳು ಸೇರಿ ಇಲ್ಲದ ಕಡ್ಡಿಗಳ ಮೇಲೆ ಹೆಣಿಗೆಯ ಮನೆ ಎಣಿಸುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಹೆಂಗಸು "ನಿಮ್ಮ ಮಗನಾ?" ಎಂದು ಕೇಳಿದಳು. ಅಕ್ಕ ಕಣ್ಣು ತೆರೆಯದೆ "ತಮ್ಮ. ಆದ್ರೆ ಸಾಕಿದ್ದು ನಾನೇ, ಆದ್ದರಿಂದ ನೀವು ಕೇಳಿದ್ದೂ ತಪ್ಪಲ್ಲ" ಅಂದಳು. "ಪುಣ್ಯವಂತ್ರು. ನಮ್ಮನೇಲಿ ನನ್ನ ಕಡೆ ತಿರುಗಿ ನೋಡೋರಿಲ್ಲ" ಎಂದಳು ಆ ಹೆಂಗಸು. ಅವನು ಎದ್ದು ಹೋಗಿ ನೀರು ಕುಡಿದು ಬಂದ. ಬಾಯಾರಿರಲಿಲ್ಲ.

ಡಾಕ್ಟರ್ ಮುಂದೆ ಅಕ್ಕ ಬೆನ್ನು ತಿರುಗಿಸಿ ಕೂತಾಗ ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ. ಡಾಕ್ಟರ್ ಚಿಕ್ಕ ವಯಸ್ಸಿನವರು. ಅವರ ಹಿಂದೆ ಇನ್ನೂ ಇಪ್ಪತ್ತು ಜನ ಕಾದಿದ್ದರು. ಬೆನ್ನಿನ ಆರು ಕಡೆ ಸ್ಟೆತೊಸ್ಕೋಪ್ ಇಟ್ಟು, "ಉಸಿರು ಎಳೀರಿ, ಬಿಡಿ, ಎಳೀರಿ" ಎಂದು, ಕೊನೆಗೆ "ಎದೆ ಪೂರ್ತಿ ಸ್ವಚ್ಛ ಇದೆ" ಅಂದರು. "ತೂಕ ಹೇಗಿದೆ? ಓ, ಪುಸ್ತಕ ಅಂದ್ರೆ ಇದು! ನೋಡಿ ಸಿಸ್ಟರ್. ಮೊದಲಿನ ಹತ್ತಿರಕ್ಕೇ ಬಂದು ನಿಂತಿದೆ. ಅರ್ಧ ಮಾತ್ರೆನೇ ಮುಂದುವರಿಸೋಣ. ಒಂದು ತಿಂಗಳು ಬಿಟ್ಟು ಬನ್ನಿ." ಸ್ವಚ್ಛ ಎಂಬ ಮಾತು ಕೇಳಿ ಅವನು ಕ್ಯಾಲೆಂಡರಿನಿಂದ ಕಣ್ಣು ತೆಗೆದ. ಏನೂ ಆಗಿಲ್ಲ. ಹೇಳದಿದ್ದರೂ ನಡೆಯುತ್ತದೆ. ಅವಳೊಳಗಿನ ಆ ಕೂದಲೆಳೆಯಂಥ ನಾಳಗಳು ಅವನ ತಪ್ಪನ್ನು ಹತ್ತು ದಿನದಿಂದ ಹೊಟ್ಟೆಗೆ ಹಾಕಿಕೊಂಡಿವೆ; ಇನ್ನೊಂದು ತಿಂಗಳೂ ಹಾಕಿಕೊಂಡಾವು. ಈ ಯೋಚನೆ ಮನಸ್ಸಿನಲ್ಲಿ ಎಷ್ಟು ಸಲೀಸಾಗಿ ಬಂದು ಕೂತಿತೆಂದರೆ, ಅದನ್ನು ತಾನೇ ಯೋಚಿಸಿದನೆಂದು ಒಪ್ಪಲು ಅವನಿಗೆ ಕಷ್ಟವಾಯಿತು.

ಡಾಕ್ಟರ್ ಪಕ್ಕದ ಕೋಣೆಗೆ ಹೋದರು. ಸಿಸ್ಟರ್ ಅಕ್ಕನನ್ನು ಮೂಲೆಯಲ್ಲಿದ್ದ ತೂಕದ ಯಂತ್ರದ ಬಳಿ ಕರೆದಳು. ಇದು ಅವನ ಲೆಕ್ಕದಲ್ಲಿರಲಿಲ್ಲ. ಹೋದ ಸಲ ಬರೀ ಪುಸ್ತಕ ನೋಡಿ ಕಳಿಸಿದ್ದರು. "ಇಲ್ಲಿ ಹೀಟರ್ ಇದೆಯಮ್ಮ, ಚಳಿ ಆಗಲ್ಲ" ಎನ್ನುತ್ತ ಸಿಸ್ಟರ್ ಶಾಲು ತೆಗೆದು, ಸ್ವೆಟರನ್ನು ಅವಸರವಿಲ್ಲದೆ ಒಂದೊಂದೇ ತೋಳಿನಿಂದ ಬಿಡಿಸಿ, ಎರಡನ್ನೂ ಮಡಿಸಿ ಕುರ್ಚಿಯ ಮೇಲಿಟ್ಟಳು. ಎಷ್ಟು ಸುಲಭವಾಗಿತ್ತು ಅದು! ಒಂದು ತೋಳು, ಆಮೇಲೆ ಇನ್ನೊಂದು ತೋಳು, ನಡುವೆ ಎರಡು ಉಸಿರು. ಅವನಿಗೆ ಅಷ್ಟು ಹೊತ್ತು ಕಾಯಲು ಬಂದಿರಲಿಲ್ಲ.

ಅಕ್ಕ ಹತ್ತಿ ನಿಂತಳು. ಐವತ್ತಮೂರು ಪಾಯಿಂಟ್ ನಾಲ್ಕು. ಸಿಸ್ಟರ್ ಪುಸ್ತಕ ನೋಡಿದಳು, ಯಂತ್ರ ನೋಡಿದಳು, ಬೇಸರದಿಂದ ನಾಲಿಗೆ ಲೊಚಗುಟ್ಟಿದಳು.

"ನೋಡಿ, ಎಂಟುನೂರು ಗ್ರಾಂ ಜಾಸ್ತಿ ತೋರಿಸ್ತಿದೆ. ಹೋದ ವಾರದಿಂದ ನಂಗೂ ಇದರ ಮೇಲೆ ಅನುಮಾನ. ಎಷ್ಟು ಸಲ ಬರೆದು ಕೊಟ್ರೂ ಹೊಸದು ಕಳಿಸಲ್ಲ." ಆಮೇಲೆ ಅವನ ಕಡೆ ತಿರುಗಿ, ಮುಖ ಅರಳಿಸಿ, "ಅಲ್ಲಾ ಸಾರ್, ನೀವು ತೂಕದ ಯಂತ್ರದವರೇ ಅಲ್ವಾ? ಒಂಚೂರು ನೋಡಿ ಸರಿ ಮಾಡಿ ಕೊಡ್ತೀರಾ? ನಿಮ್ಮ ಪುಸ್ತಕದ ತೂಕಾನೇ ಬರ್ಕೋತೀನಿ. ನೀವು ತಪ್ಪು ತೂಗಕ್ಕೆ ಸಾಧ್ಯನಾ?"

ಅವನು ಚೀಲ ತಂದು ಯಂತ್ರದ ಮುಂದೆ ಮಂಡಿಯೂರಿದ. ಈ ಕೆಲಸಕ್ಕೆ ಅವನ ಮೈ ಒಗ್ಗಿತ್ತು. ಮಂಡಿಯೂರಿದರೆ ಮುಂದಿನದು ತಾನಾಗಿ ನಡೆಯುತ್ತದೆ. ನಾಲ್ಕು ಕಾಲೂ ನೆಲಕ್ಕೆ ಕೂತಿವೆಯೇ ಎಂದು ತಟ್ಟಿ ನೋಡಿದ. ಸೊನ್ನೆಗೆ ತಂದ. ಎರಡು ಕಿಲೋದ ಕಲ್ಲನ್ನು ಚೀಲದಿಂದ ತೆಗೆದ. ಹೆಸರಿಗೆ ಕಲ್ಲು, ಇರುವುದು ಹಿತ್ತಾಳೆ. ನಾಲ್ಕು ಮೂಲೆಯಲ್ಲೂ ಇಟ್ಟು ನೋಡಿದ. ಎರಡು, ಎರಡು, ಎರಡು, ಎರಡು. ತಾನೇ ಹತ್ತಿ ನಿಂತ: ಅರವತ್ತೊಂದು ಪಾಯಿಂಟ್ ಎರಡು, ವರ್ಕ್‌ಶಾಪಿನಲ್ಲಿ ನಿನ್ನೆ ಇದ್ದಷ್ಟೇ. ಕಲ್ಲು ಹಿಡಿದು ನಿಂತ: ಅರವತ್ತಮೂರು ಪಾಯಿಂಟ್ ಎರಡು. ಹಳೆಯ ಯಂತ್ರ, ಬಣ್ಣ ಹೋಗಿತ್ತು, ಗಾಜು ಬಿರುಕು ಬಿಟ್ಟಿತ್ತು, ಯಾರ ನಂಬಿಕೆಯೂ ಅದರ ಮೇಲಿರಲಿಲ್ಲ. ಅದು ನಿಜವನ್ನೇ ಹೇಳುತ್ತಿತ್ತು. ಹಿಂಭಾಗದ ಸಣ್ಣ ಮುಚ್ಚಳ ಎತ್ತಿದರೆ ಒಂದು ತಿರುಪು. ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಎಂಟುನೂರು ಗ್ರಾಂ ಮಾಯವಾಗುತ್ತದೆ. ಸಿಸ್ಟರ್ "ಥ್ಯಾಂಕ್ಸ್ ಸಾರ್" ಅನ್ನುತ್ತಾಳೆ. ನಾಳೆಯಿಂದ ಇದರ ಮೇಲೆ ನಿಲ್ಲುವವರೆಲ್ಲ ಎಂಟುನೂರು ಗ್ರಾಂ ಕಡಿಮೆ ತೂಗುತ್ತಾರೆ. ಲಾರಿ ಡ್ರೈವರನ ಅಪ್ಪ ಕೂಡ. ಸ್ಕ್ರೂಡ್ರೈವರ್ ಆಗಲೇ ಅವನ ಕೈಯಲ್ಲಿತ್ತು. ಯಾವಾಗ ಎತ್ತಿಕೊಂಡನೋ ತಿಳಿಯದು.

"ಸರಿ ಹೋಗುತ್ತಾ?" ಅಂದಳು ಸಿಸ್ಟರ್.

ಅವನು ತಲೆ ಎತ್ತಿದ. ಅಕ್ಕ ತೆಳು ಅಂಗಿಯಲ್ಲಿ ಮಂಚದ ಅಂಚಿಗೆ ಕೂತು ಅವನ ಕೈಯನ್ನು ನೋಡುತ್ತಿದ್ದಳು, ಮುಖವನ್ನಲ್ಲ. ಲಡಿ ಹಿಡಿದು ಕೂತ ದಿನಗಳಲ್ಲಿ ಹಾಗೆಯೇ ನೋಡುತ್ತಿದ್ದಳು, ಇವನ ಕೈ ಎಲ್ಲಿ ಇಳಿಯುತ್ತದೋ ಎಂದು.

"ಯಂತ್ರ ಸರಿಯಾಗಿದೆ ಸಿಸ್ಟರ್" ಅಂದ. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದ. "ಒಂದು ಗ್ರಾಮೂ ತಪ್ಪಿಲ್ಲ. ಪುಸ್ತಕ ತಪ್ಪು. ನಾನು ಸ್ವೆಟರಿಗೆ, ಶಾಲಿಗೆ ಅಂತ ಜಾಸ್ತಿ ಕಳೀತಿದ್ದೆ. ಹತ್ತು ದಿನದಿಂದ. ತೂಗದೆ, ಕೈ ಅಂದಾಜಲ್ಲಿ. ಒಂದು ಕಿಲೋ ಇಳೀತು ಅಂತ ಫೋನ್ ಮಾಡಿದ್ನಲ್ಲ, ಅವತ್ತು ಇಳಿದೇ ಇರಲಿಲ್ಲ."

ಸಿಸ್ಟರ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ಇಳಿದೇ ಇರಲಿಲ್ವಾ? ಮಾತ್ರೆ ಅರ್ಧ ಮಾಡಿದ್ದು ಅದನ್ನ ನೋಡೇ ಅಲ್ವಾ?"

"ಹೂಂ."

"ಯಾವಾಗ ಗೊತ್ತಾಯ್ತು ನಿಮಗೆ?"

ಇದೊಂದು ಪ್ರಶ್ನೆ ಬರಬಾರದು ಎಂದು ಅವನು ಬಸ್ಸಿನುದ್ದಕ್ಕೂ ಬೇಡಿಕೊಂಡಿದ್ದ. "ಸೋಮವಾರ" ಅಂದ. "ಗೊತ್ತಾದ ಮೇಲೂ ಬರೆದೆ. ಸ್ವಲ್ಪ ಸ್ವಲ್ಪವೇ ಸರಿ ಮಾಡೋಣ ಅಂತ."

ಮೇಷ್ಟ್ರ ತರಗತಿಯ ನಗು ಈಗ ಬರುತ್ತದೆ ಎಂದು ಅವನು ಕಾದ. ಬರಲಿಲ್ಲ. ಬಂದದ್ದು ಅಕ್ಕನ ದನಿ.

"ಹದಿಮೂರು ಉಂಡೆ ಕಣೋ."

"ಏನಕ್ಕ?"

"ಸ್ವೆಟರಿಗೆ ಆರು, ಶಾಲಿಗೆ ಏಳು. ಉಂಡೆಗೆ ಐವತ್ತು ಗ್ರಾಂ. ಹೆಣೆದೋಳು ನಾನು, ನಂಗೆ ಗೊತ್ತಿಲ್ವಾ? ಮೊದಲ್ನೇ ದಿನಾನೇ ನೀನು ಒಂದು ಕಿಲೋ ಎಂಟುನೂರು ಅಂತ ಬಾಯಲ್ಲಿ ಅಂದ್ಕೊಂಡು ಕಳೆದೆ. ಇವನೇನು ಕುರಿ ಸಮೇತ ತೂಗ್ತಿದ್ದಾನಾ ಅಂದ್ಕೊಂಡೆ."

"ಮತ್ತೆ ಹೇಳ್ಲಿಲ್ಲ ಯಾಕೆ?"

ಅವಳು ಬಿಟ್ಟು ಬಿಟ್ಟು ಹೇಳಿದಳು. ನಡುವೆ ಉಸಿರು ತೆಗೆದುಕೊಳ್ಳಬೇಕಿತ್ತು. "ಅವತ್ತು ನಿನ್ನ ಮುಖ ನೋಡ್ದೆ. ಏನು ಖುಷಿ! ಎಷ್ಟು ವರ್ಷ ಆಗಿತ್ತು ನಿನ್ನ ಮುಖ ಹಾಗೆ ನೋಡಿ. ಆಮೇಲೆ ಮಾತ್ರೆ ಅರ್ಧ ಆಯ್ತು. ಆವಾಗ ಹೇಳಬೇಕಿತ್ತು. ಹೇಳಿದ್ರೆ ಮತ್ತೆ ಇಲ್ಲೇ ಮಲಗಿಸ್ತಾರೆ, ನೀನು ಮತ್ತೆ ಈ ಬೆಂಚಲ್ಲಿ ಕೂತು ಕೂತು... ಸೋಮವಾರ ರಿಪೇರಿ ಅಂತ ತಗೊಂಡು ಹೋದೆಯಲ್ಲ, ಸಂಜೆ ವಾಪಸ್ ತಂದಾಗ ಮೊಣಕೈ ತೂತು ಹಾಗೇ ಇತ್ತು. ಓ, ಇವನಿಗೂ ಗೊತ್ತಾಯ್ತು ಅಂದ್ಕೊಂಡೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ."

ಸಿಸ್ಟರ್ ಇಬ್ಬರನ್ನೂ ಒಂದೊಂದು ಸಲ ನೋಡಿದಳು. ಬೈಯುವುದಕ್ಕೆ ಅವಳಿಗೂ ತ್ರಾಣವಿರಲಿಲ್ಲ ಅಂತ ಕಾಣುತ್ತದೆ; ಬೆಳಿಗ್ಗೆ ಏಳರಿಂದ ನಿಂತೇ ಇದ್ದಳು. "ಚೆನ್ನಾಗಿದ್ದೀರಿ ಅಕ್ಕ ತಮ್ಮ. ಒಬ್ಬರಿಗೊಬ್ಬರು ನೋವು ಮಾಡಬಾರದು ಅಂತ ಒಬ್ಬರನ್ನ ಮುಳುಗಿಸ್ತಿದ್ರಿ" ಎಂದಷ್ಟೇ ಹೇಳಿ, ಮಂಚದ ತಲೆಯ ಕಡೆಯನ್ನು ಅರ್ಧ ಎತ್ತಿ, ಅಕ್ಕನನ್ನು ಒರಗಿಸಿದಳು. "ಮುಖ ಆ ಕಡೆ ತಿರುಗಿಸಿ ಅಮ್ಮ." ದೀಪದ ಬೆಳಕು ಓರೆಯಾಗಿ ಅಕ್ಕನ ಕತ್ತಿನ ಮೇಲೆ ಬಿತ್ತು. ಕಿವಿಯ ಕೆಳಗಿನವರೆಗೂ ಒಂದು ರಕ್ತನಾಳ ಉಬ್ಬಿ ನಿಂತು ನಡುಗುತ್ತಿತ್ತು. ಬೋರ್ಡಿನ ಮೇಲಿನ ಆ ಕೂದಲಿನಂಥ ಗೆರೆಗಳೆಲ್ಲ ಹೋಗಿ ಸೇರುತ್ತಿದ್ದ ಜಾಗ ಅದು. ಹೊತ್ತು ತಂದ ನೀರನ್ನು ಸುರಿಯಲು ಅವುಗಳಿಗೆ ಇದ್ದ ಜಾಗ ಅದೊಂದೇ. ಅದೂ ತುಂಬಿ ನಿಂತಿತ್ತು. ಇಷ್ಟು ದಿನ ಅವು ತುಂಬಿದ ಬಾಗಿಲಿಗೇ ನೀರು ಹೊತ್ತು ದಬ್ಬುತ್ತಿದ್ದವು.

ಡಾಕ್ಟರ್ ಮತ್ತೆ ಬಂದರು, ಕತ್ತು ನೋಡಿದರು, ಕಾಲಿನ ಮೇಲೆ ಹೆಬ್ಬೆರಳು ಒತ್ತಿ ಗುಳಿ ತುಂಬುವವರೆಗೂ ನೋಡಿದರು. "ಒಂದು ತಿಂಗಳು ಬಿಟ್ಟು ಬಂದಿದ್ರೆ ನಡೆದುಕೊಂಡು ಬರ್ತಿರಲಿಲ್ಲ ಇವರು" ಅಂದರು. ಅದನ್ನು ಅವನನ್ನು ನೋಡಿ ಹೇಳಲಿಲ್ಲ. ನೋಡಿ ಹೇಳಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟರು, ಮಾತ್ರೆಯನ್ನು ಮೊದಲಿನಂತೆ ಪೂರ್ತಿ ಮಾಡಿದರು, ಸಂಜೆಯವರೆಗೆ ಇಲ್ಲೇ ಇರಲಿ, ಆಮೇಲೆ ನೋಡೋಣ ಅಂದರು.

ಕಿಟಕಿಯ ಪಕ್ಕದ ಮಂಚದಲ್ಲಿ ಅಕ್ಕ ಒರಗಿದ್ದಳು. ಅರ್ಧ ಗಂಟೆಯಾಗುವ ಹೊತ್ತಿಗೆ ಇಂಜೆಕ್ಷನ್ ಕೆಲಸ ಶುರುಮಾಡಿತು. ಅವಳನ್ನು ಮೂತ್ರಕ್ಕೆಂದು ಹೊರಗೆ ಕರೆದುಕೊಂಡು ಹೋಗಿ ಬರುವುದೇ ಅವನ ಕೆಲಸವಾಯಿತು. ಮೂರನೇ ಸಲ ವಾಪಸಾಗುವಾಗ "ನಾನು ನಲ್ಲಿ ಆದ್ನಲ್ಲೋ" ಎಂದು ಅವಳು ನಕ್ಕಳು. ಈ ಸಲ ಕೆಮ್ಮು ಬರಲಿಲ್ಲ. ಸಿಸ್ಟರ್ ಬಂದು, ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟು, "ಹಾಳೆ ಹರೀಬೇಡಿ. ಹತ್ತು ದಿನದ್ದೂ ಅದರ ಪಕ್ಕದಲ್ಲೇ ಸರಿ ತೂಕ ಬರೀರಿ, ನಂಗೆ ಎರಡೂ ಬೇಕು" ಎಂದು ಹೇಳಿಹೋಗಿದ್ದಳು. ಅವನು ಬರೆದ. ಪ್ರತಿ ತಪ್ಪು ಅಂಕಿಯ ಪಕ್ಕದಲ್ಲಿ ಸರಿಯಾದದ್ದು, ಲೆಕ್ಕ ಸಮೇತ. ಕೊನೆಯ ಮೂರು ಚುಕ್ಕೆಗಳನ್ನು ಏನು ಮಾಡುವುದೆಂದು ತಿಳಿಯದೆ ಹಾಗೇ ಬಿಟ್ಟ. ವರ್ಕ್‌ಶಾಪಿಗೆ ಇವತ್ತು ಹೋಗುವುದಿಲ್ಲ ಎಂದು ಫೋನ್ ಮಾಡಬೇಕಿತ್ತು, ಏಳಲು ಮನಸ್ಸಾಗಲಿಲ್ಲ. ಮೈಯೆಲ್ಲ ಯಾರೋ ಹಿಂಡಿ ಹಾಕಿದ ಬಟ್ಟೆಯಂತಾಗಿತ್ತು.

"ಚಳಿ ಆಗ್ತಿದೆಯಾ ಅಕ್ಕ?"

"ಸ್ವಲ್ಪ. ಕೊಡು ಅದನ್ನ."

ಅವನು ಕುರ್ಚಿಯ ಮೇಲಿದ್ದ ಸ್ವೆಟರು, ಶಾಲನ್ನು ಎತ್ತಿಕೊಂಡ. ಕೊಡಲು ಚಾಚಿದವನನ್ನು ಅವಳು ತಡೆದಳು. ಬಳಲಿದ ಮುಖದಲ್ಲಿ ಹಳೆಯ ತುಂಟತನ ಒಂದಿಷ್ಟು ಇಣುಕಿತು.

"ತಡಿ. ಎಷ್ಟು ತೂಗುತ್ತೆ ಹೇಳು ನೋಡೋಣ, ಕೈತಕ್ಕಡಿ."

ಅವನು ಎರಡೂ ಅಂಗೈ ಚಾಚಿ, ಉಣ್ಣೆಯನ್ನು ಅದರ ಮೇಲೆ ಇಟ್ಟುಕೊಂಡು ನಿಂತ. ಉತ್ತರ ಅವನಿಗೆ ಗೊತ್ತಿತ್ತು, ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಿತ್ತು. ಆದರೆ ಕೈಯನ್ನು ಕೇಳಿದರೆ ಕೈ ಏನೂ ಹೇಳಲಿಲ್ಲ. ಬೆಚ್ಚಗಿತ್ತು, ಅಷ್ಟೇ.

"ಗೊತ್ತಾಗ್ತಿಲ್ಲ ಅಕ್ಕ" ಅಂದ.

"ಸದ್ಯ" ಎಂದು ಅಕ್ಕ ಕಣ್ಣು ಮುಚ್ಚಿದಳು. ತೋಳನ್ನು ಮಾತ್ರ ಅವನ ಕಡೆಗೆ ಚಾಚಿಯೇ ಇದ್ದಳು. ಅವನು ಮಂಚದ ಅಂಚಿಗೆ ಕೂತು, ಮೊದಲು ಒಂದು ತೋಳನ್ನು ಸ್ವೆಟರಿನೊಳಗೆ ಸೇರಿಸಿದ. ಎರಡು ಉಸಿರು ಕಾದ. ಆಮೇಲೆ ಇನ್ನೊಂದನ್ನು.